ಯಾರೂ ಅಡುಗೆ ಮಾಡದ ಅಡುಗೆಮನೆ

ಹನ್ನೆರಡು ವರ್ಷ ದಿನಕ್ಕೆ ಎರಡು ಹೊತ್ತು ಅಡುಗೆ ಮಾಡಿದವಳು ನಾನು, ಆದರೆ ಒಂದು ದಿನವೂ ನನ್ನ ಅಡುಗೆಯನ್ನು ನಾನು ಉಂಡಿರಲಿಲ್ಲ. ನಮ್ಮೂರಲ್ಲಿ ಕೈರುಚಿ ಎನ್ನುವುದು ಕೈಯಲ್ಲಿ ಇರುವುದಿಲ್ಲ, ಅಡುಗೆಮನೆಯಲ್ಲಿ ಇರುತ್ತದೆ. ನಾವು ಬಾಡಿಗೆಗಿದ್ದ ಮನೆಯ ಒಲೆಕಟ್ಟೆಯನ್ನು ಮನೆಯೊಡತಿ ಸಾಕಮ್ಮನವರು ಮೂವತ್ತು ವರ್ಷ ಬೇಯಿಸಿ ಪಳಗಿಸಿದ್ದರು. ಅವರಿಗೆ ಇಂಗು ಎಂದರೆ ಪ್ರಾಣ. ಅವರು ಮಗಳ ಊರಿಗೆ ಹೋಗಿ ನೆಲೆಸಿದರೂ ಅವರ ಇಂಗು ಮಾತ್ರ ಆ ಕಟ್ಟೆ ಬಿಟ್ಟು ಕದಲಲಿಲ್ಲ. ಉಪ್ಪಿಟ್ಟಿಗೆ ಇಂಗು, ಹೋಳಿಗೆಗೆ ಇಂಗು, ನಾನು ಇಂಗಿನ ಡಬ್ಬಿ ಮುಟ್ಟದಿದ್ದರೂ ಬೆಳಗಿನ ಕಾಫಿಗೂ ಇಂಗು. ನನ್ನ ಗಂಡ ಮರಿಸ್ವಾಮಿ ಲೋಟ ಕೈಗೆತ್ತಿಕೊಂಡು, "ಸಾಕಮ್ಮನೋರು ಇವತ್ತು ಸ್ವಲ್ಪ ಕೈ ಬಿಗಿ ಹಿಡಿದವ್ರೆ," ಎಂದು ಹೇಳಿಯೇ ಕುಡಿಯುತ್ತಿದ್ದರು.

ನಗುವವರು ನಗಲಿ, ನಮ್ಮೂರಲ್ಲಿ ಅಡುಗೆಮನೆ ಎಂದರೆ ಮಾನದ ಪ್ರಶ್ನೆ. ಇಲ್ಲಿನ ಮನೆಗಳಿಗೆ ನಂಬರಿಲ್ಲ, ಹೆಸರಿದೆ. ಆ ಹೆಸರನ್ನು ಇಡುವುದು ಮನೆಯವರಲ್ಲ, ಬೀದಿ. ಸ್ವಂತ ಮನೆಗೆ ಒಕ್ಕಲು ಬಂದ ತಿಂಗಳೊಳಗೆ ಬೀದಿಯವರಿಗೆಲ್ಲ ಊಟ ಹಾಕಬೇಕು. ಅದಕ್ಕೆ ಬೀದಿಯೂಟ ಎನ್ನುತ್ತಾರೆ. ಅವತ್ತು ಯಾವ ಪಾತ್ರೆ ಮೊದಲು ಖಾಲಿಯಾಗುತ್ತದೋ ಅದರದೇ ಹೆಸರು. ತೊವ್ವೆ ಮನೆ, ಮಜ್ಜಿಗೆಹುಳಿ ಮನೆ, ಹುಚ್ಚೆಳ್ಳು ಚಟ್ನಿ ಮನೆ, ಹೀಗೆ. ಯಾವ ಪಾತ್ರೆಯೂ ಖಾಲಿಯಾಗದಿದ್ದರೆ ಬೀದಿಯವರು ಅಡುಗೆಯ ತಪ್ಪನ್ನೇ ಹಿಡಿದು ಹೆಸರಿಡುತ್ತಾರೆ. ನಮ್ಮ ಹೆಡ್ಮಾಸ್ತರರು ಎಷ್ಟು ಓದಿದ್ದರೇನು, ಅವರದು ಇವತ್ತಿಗೂ ಅರೆಬೆಂದ ಮನೆ. ಒಮ್ಮೆ ಬಿದ್ದ ಹೆಸರು ಟಪಾಲಿಗೆ, ರೇಷನ್ ಕಾರ್ಡಿಗೆ, ಲಗ್ನಪತ್ರಿಕೆಗೆ ಎಲ್ಲಕ್ಕೂ ಅಂಟಿಕೊಳ್ಳುತ್ತದೆ.

ನಾನು ಹುಟ್ಟಿದ್ದು ಸೀದ ಹಾಲಿನ ಮನೆಯಲ್ಲಿ. ನಮ್ಮಜ್ಜಿ ಚೌಡಮ್ಮ ಎಪ್ಪತ್ತು ವರ್ಷದ ಹಿಂದೆ ತನ್ನ ಬೀದಿಯೂಟದ ದಿನ ಪಾಯಸದ ಹಾಲು ಸೀಯಿಸಿಬಿಟ್ಟಿದ್ದಳು. ಅಷ್ಟೇ ಅವಳ ಅಪರಾಧ. ಅದಕ್ಕೆ ಮೂರು ತಲೆಮಾರು ಶಿಕ್ಷೆ ಉಂಡೆವು. ಶಾಲೆಯ ಹಾಜರಿಯಲ್ಲಿ ನಾನು 'ಸೀದ ಹಾಲು ರಾಜಮಣಿ'. ಸೊಸೈಟಿಯ ಸಾಲಿನಲ್ಲಿ ನಿಂತರೆ ಸಕ್ಕರೆ ಅಳೆಯುವವನು ಬೀದಿಗೆಲ್ಲ ಕೇಳಿಸುವಂತೆ, "ಸೀದ ಹಾಲಿನೋರು ಬನ್ನಿ," ಎಂದು ಕೂಗುತ್ತಿದ್ದ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕಾಫಿ ಬೇಡ, ನೀರು ಸಾಕು ಎಂದು ಮುಸಿಮುಸಿ ನಕ್ಕು ಎದ್ದುಹೋದದ್ದು ನಾಲ್ಕು ಸಲ. ಬಾಯಿ ತೆರೆದರೆ ಯಾರಾದರೂ ಹಾಲಿನ ಮಾತು ತೆಗೆಯುತ್ತಾರೆಂದು ನಾನು ಮಾತಾಡುವುದನ್ನೇ ಕಡಿಮೆ ಮಾಡಿದೆ. ಈಗ ಹೀಗೆ ಬಾಯಿಗೆ ಬೀಗವಿಲ್ಲದೆ ಹರಟುವವಳು ಆಗ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ.

ಮರಿಸ್ವಾಮಿ ಬೋರ್ಡು ಬರೆಯುವವರು. ನಮ್ಮ ಮನೆಯ ಹೆಸರಿನ ಹಲಗೆ ಬಿಸಿಲಿಗೆ ಮಾಸಿದಾಗ ಅಪ್ಪ ಅದನ್ನು ಹೊಸದಾಗಿ ಬರೆಸಲು ಅವರನ್ನು ಕರೆಸಿದ್ದರು. ಕುಂಚ ಅದ್ದಿ 'ಸೀದ' ಎಂಬಷ್ಟು ಬರೆದು, ನಾನು ಕೊಟ್ಟ ಕಾಫಿ ಕುಡಿದು, "ಇನ್ನೊಂಚೂರು ಹಾಲು ಹಾಕ್ತೀರಾ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಹಾಲು ಕೇಳಿ ಹಾಕಿಸಿಕೊಂಡ ಮೊದಲ ಮನುಷ್ಯ ಅವರು. ಆರು ತಿಂಗಳಲ್ಲಿ ಮದುವೆಯಾಯಿತು.

ಬಾಡಿಗೆ ಮನೆಯವರಿಗೆ ಬೀದಿ ಹೆಸರಿಡುವುದಿಲ್ಲ, ಹುಟ್ಟಿದ ಮನೆಯ ಹೆಸರನ್ನೇ ಹೊತ್ತು ತಿರುಗಬೇಕು. ಹಾಗಾಗಿ ಕೆರೆಯ ಏರಿಯ ಕೆಳಗೆ ಎರಡು ಕೋಣೆಯ ಸ್ವಂತ ಮನೆ ಎದ್ದು ನಿಂತಾಗ ನನಗೆ ಜೈಲಿನ ಬಾಗಿಲು ತೆರೆದಷ್ಟು ಸಂತೋಷವಾಯಿತು. ಆದರೆ ಕೈಯಲ್ಲಿದ್ದದ್ದೆಲ್ಲ ಗೋಡೆಗೇ ಖರ್ಚಾಗಿ, ಅಡುಗೆಮನೆ ಎಂಬ ಕೋಣೆಯಲ್ಲಿ ಒಂದು ನಲ್ಲಿ ಬಿಟ್ಟರೆ ಏನೂ ಇರಲಿಲ್ಲ. ಕಟ್ಟೆ, ಕಪಾಟು, ಒಲೆ, ಸಿಂಕು ಎಲ್ಲ ಸೇರಿಸಿ ಒಂದು ಅಡುಗೆಮನೆ ಕೊಳ್ಳಬೇಕು. ಹೊಸದು ಕೊಳ್ಳುವ ಮಾತೇ ಇಲ್ಲ. ಹೊಸ ಅಡುಗೆಮನೆ ರುಚಿ ಕಲಿಯಲು ಮೂರು ವರ್ಷ ಬೇಕು, ಅಲ್ಲಿಯತನಕ ತಿಂದದ್ದೆಲ್ಲ ನೆನೆದ ಕಾಗದ. ಬೀದಿಯೂಟಕ್ಕೆ ಇದ್ದದ್ದು ಒಂದೇ ತಿಂಗಳು.

ಹಳೆಯದನ್ನು ಹುಡುಕಿಕೊಂಡು ಇಬ್ಬರೂ ಸೈಕಲ್ ಏರಿದೆವು. ಒಳ್ಳೆಯ ಕೈಯ ಅಡುಗೆಮನೆ ನಮ್ಮ ಬೆಲೆಗೆ ಸಿಗುವುದಾದರೂ ಎಲ್ಲಿ? ಒಬ್ಬ ವಕೀಲರ ಮನೆಯದು ಅಗ್ಗಕ್ಕೆ ಬಂತು, ಆದರೆ ಆ ಮನೆಯಲ್ಲಿ ಗಂಡ ಹೆಂಡತಿ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದರಂತೆ. ಅಲ್ಲಿ ಕಾಯಿಸಿ ಕೊಟ್ಟ ಬರೀ ನೀರು ಕುಡಿದರೂ ಗಂಟಲಲ್ಲಿ ಕಹಿ ನಿಂತಿತು. ತೀರಿಹೋದ ಒಬ್ಬ ಅಜ್ಜನದು ಇನ್ನೂ ಅಗ್ಗ, ಆದರೆ ಅವನು ಕೊನೆಯ ಒಂಬತ್ತು ವರ್ಷ ಗಂಜಿಯ ಮೇಲೆ ಬದುಕಿದವನು. ಪರೀಕ್ಷೆಗೆಂದು ನಾನು ಹಾಕಿದ ಹಪ್ಪಳ ಎಣ್ಣೆಯಲ್ಲೇ ಗಂಜಿಯಾಯಿತು. ಮದುವೆ ಮನೆಗಳ ಅಡುಗೆಭಟ್ಟರೊಬ್ಬರ ಅಡುಗೆಮನೆ ಮಾತ್ರ ಅಮೃತ. ಅದರ ಬೆಲೆ ಕೇಳಿ ಮರಿಸ್ವಾಮಿ ಎರಡು ಲೋಟ ಮಜ್ಜಿಗೆ ಕುಡಿದು ಸೈಕಲ್ ಹತ್ತಿದರು.

ವಾಪಸು ಬರುವಾಗ ಪೇಟೆ ಬೀದಿಯ ದೊಡ್ಡ ಶೋರೂಮಿನ ಮೇಲೆ ಬಟ್ಟೆಯ ಬ್ಯಾನರು ಕಂಡಿತು. ಅಂಗಡಿ ಮುಚ್ಚುತ್ತಿದ್ದರು, ಇದ್ದದ್ದನ್ನೆಲ್ಲ ಬಂದ ಬೆಲೆಗೆ ಕೊಡುತ್ತಿದ್ದರು. ಗಾಜಿನ ಹಿಂದೆ ಆ ಹಸಿರು ಅಡುಗೆಮನೆ ಹಾಗೆಯೇ ನಿಂತಿತ್ತು. ಊರಿನವರಿಗೆಲ್ಲ ಅದು ಗೊತ್ತು. ಹತ್ತೊಂಬತ್ತು ವರ್ಷದಿಂದ ಬರೀ ತೋರಿಸುವುದಕ್ಕೆಂದು ಇಟ್ಟದ್ದು. ಕಪಾಟಿನ ಬಾಗಿಲಿಗೆ ಹಿತ್ತಾಳೆ ಹಿಡಿ, ಕಟ್ಟೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ದಾಳಿಂಬೆ. ಅದರ ಪಕ್ಕದಲ್ಲಿ ಹತ್ತೊಂಬತ್ತು ವರ್ಷದಿಂದ ಅಲ್ಲೇ ನಿಂತಿದ್ದ ಇನ್ನೊಂದು ವಸ್ತುವೆಂದರೆ ಸಂಪಂಗಪ್ಪ, ಅಂಗಡಿಯ ಸೇಲ್ಸ್‌ಮನ್ನು. ಬಡಕಲು ಆಳು, ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹಿಂದೆ ಪೆನ್ಸಿಲ್ಲು. ನಮ್ಮನ್ನು ಕಂಡದ್ದೇ ಬಾಗಿಲು ತೆರೆದರು.

"ಬನ್ನಿ ಅಮ್ಮಾವ್ರೇ, ಇಲ್ಲಿ ನಿಂತ್ಕೊಳ್ಳಿ. ಬಲಗೈಗೆ ಒಲೆ, ಎಡಗೈಗೆ ನೀರು. ಬಾಣಲೆ ಇಟ್ರಿ. ಎಣ್ಣೆ ಕಾಯ್ತಾ ಐತೆ, ಅವಸರ ಮಾಡ್ಬೇಡಿ, ಎಣ್ಣೆಗೂ ಒಂದು ಮರ್ಯಾದೆ ಐತೆ. ಈಗ ಸಾಸಿವೆ ಬಿಡಿ. ಚಟಪಟ ಚಟಪಟ, ಕೇಳಿಸ್ತಾ? ಕರಿಬೇವು ಬಿತ್ತು, ಹೆಂಗೆ ಸಿಡುಕ್ತು ನೋಡಿ, ಹೊಸ ಸೊಸೆ ಥರ. ಒಂದ್ಗಳಿಗೆ ಬಿಡಿ, ತಾನೇ ತಣ್ಣಗಾಯ್ತದೆ. ಇಲ್ಲಿಂದ ಕೈ ಚಾಚಿದ್ರೆ ಬೆಲ್ಲದ ಡಬ್ಬಿ. ಚಿಟಿಕೆ ಬೆಲ್ಲ, ಬೆಲ್ಲ ಬಿದ್ದದ್ದು ಸಾರಿಗೇ ಗೊತ್ತಾಗ್ಬಾರ್ದು, ಅಷ್ಟು."

ಒಲೆಯಲ್ಲಿ ಬೆಂಕಿಯಿಲ್ಲ, ಬಾಣಲೆಯಿಲ್ಲ, ಎಣ್ಣೆಯಿಲ್ಲ. ಬರೀ ಗಾಳಿಯಲ್ಲಿ ಅವರ ಕೈ ಆಡುತ್ತಿತ್ತು. ಆದರೂ ನನ್ನ ಬಾಯಲ್ಲಿ ನೀರೂರಿತು. ಭಾನುವಾರ ಎಷ್ಟೋ ಜನ ಏನೂ ಕೊಳ್ಳದೆ ಬರೀ ಅವರ ಮಾತು ಕೇಳಲು ಆ ಅಂಗಡಿಗೆ ಹೋಗಿ, ಹಸಿವು ಕಟ್ಟಿಕೊಂಡು ಮನೆಗೆ ಬರುತ್ತಿದ್ದರು. ಕೊಳ್ಳುವವರು ಮಾತ್ರ ಯಾರೂ ಇಲ್ಲ. ಯಾರೂ ಒಮ್ಮೆಯೂ ಅಡುಗೆ ಮಾಡದ ಅಡುಗೆಮನೆಯಲ್ಲಿ ಯಾವ ಕೈರುಚಿ ಇದ್ದೀತು?

"ನೀವು ಮನೇಲಿ ಅಡುಗೆ ಚೆನ್ನಾಗಿ ಮಾಡ್ತೀರೇನೋ," ಎಂದರು ಮರಿಸ್ವಾಮಿ.

"ನಾನಾ? ಒಲೆ ಹಚ್ಚಿದೋನೇ ಅಲ್ಲ ಸ್ವಾಮಿ. ಒಂಟಿ ಆಳು, ಬಸ್ ಸ್ಟ್ಯಾಂಡ್ ಹೋಟೆಲ್ಲೇ ನಮ್ಮನೆ. ನಮ್ಮವ್ವ ಬಾಯಲ್ಲಿ ಹೇಳ್ಕೊಂಡೇ ಅಡುಗೆ ಮಾಡೋಳು. ಎಂಟು ವರ್ಷದ ಹುಡುಗ ಬಾಗಿಲಲ್ಲಿ ಕೂತು ಕೇಳಿಸ್ಕೊಂಡಿದ್ದು. ಅದನ್ನೇ ಇಲ್ಲಿ ಒಪ್ಪಿಸ್ತೀನಿ, ಅಷ್ಟೇಯ." ಆಮೇಲೆ ಕಟ್ಟೆಯನ್ನು ಅಂಗೈಯಿಂದ ಒರೆಸಿ, ನಮ್ಮ ಮುಖ ನೋಡಿ, ನಾವು ಹೇಳಿದ ಬೆಲೆಗೆ ಒಪ್ಪಿಬಿಟ್ಟರು. "ಒಂದೇ ಒಂದು ಕೇಳ್ತೀನಿ. ಬೀದಿಯೂಟಕ್ಕೆ ನನ್ನೂ ಕರೀರಿ. ಹತ್ತೊಂಬತ್ತು ವರ್ಷ ಒರೆಸಿ ಇಟ್ಟಿದ್ದೀನಿ, ಇದರಲ್ಲಿ ಬೆಂದಿದ್ದು ಒಂದು ತುತ್ತು ತಿಂದಿಲ್ಲ."

ಟೆಂಪೋದಲ್ಲಿ ಅದನ್ನು ಹೇರಿಕೊಂಡು ಬಂದಾಗ ಬೀದಿಯೆಲ್ಲ ಜಗಲಿಗೆ ಬಂತು. ನಮ್ಮ ಬೀದಿಯ ಹಿರಿಯಳು ದೊಡ್ಡತಾಯಮ್ಮ. ಬೀದಿಯೂಟದ ದಿನ ಪಾತ್ರೆಗಳನ್ನು ಸೌಟಿನಿಂದ ಬಡಿದು ನೋಡಿ ಹೆಸರು ಕೂಗುವವಳು ಅವಳೇ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಗಾಜಿನಂಗಡಿದಲ್ವಾ? ಹಸುನ್ ಚಿತ್ರ ತಂದು ಹಾಲು ಕರೀತೀನಿ ಅಂತಾಳಲ್ಲ ಚೌಡಮ್ಮನ ಮೊಮ್ಮಗಳು," ಎಂದಳು. ಹಾಲು ಎಂಬ ಮಾತು ಬಂದದ್ದೇ ನಾನು ತಲೆ ತಗ್ಗಿಸಿ ಒಳಗೆ ಹೋದೆ.

ಮೊದಲ ದಿನ ಸಾರು ಮಾಡಿದೆ. ಬಿಸಿನೀರು ಅದಕ್ಕಿಂತ ರುಚಿ. ಎರಡನೇ ದಿನ ಉಪ್ಪು ಎರಡರಷ್ಟು ಹಾಕಿದೆ, ನಾಲಿಗೆಗೆ ಅದು ಗೊತ್ತೇ ಆಗಲಿಲ್ಲ. ಎಂಟು ದಿನ ಏನು ಹುರಿದರೂ, ಏನು ಅರೆದರೂ, ತಟ್ಟೆಗೆ ಬಂದದ್ದು ಸಪ್ಪೆ. "ಇಂಗಿಲ್ಲ ಅನ್ನೋದೇ ದೊಡ್ಡದು ಬಿಡು," ಎಂದು ಮರಿಸ್ವಾಮಿ ಸಮಾಧಾನ ಹೇಳಿದರು. ಒಂಬತ್ತನೇ ದಿನ ಅವರ ಬಣ್ಣದ ಡಬ್ಬಿಗಳ ಕೆಳಗೆ ಹಳೆಯ ಪೇಪರು ಸಿಕ್ಕಿತು. ಅದರ ಮೇಲೆ ನಾಲ್ಕು ಥರದ ಅಕ್ಷರದಲ್ಲಿ 'ಸಪ್ಪೆ ಮನೆ' ಎಂದು ಬರೆದು ನೋಡಿದ್ದರು.

"ಹೆಂಗೂ ಆ ಹೆಸರೇ ಬೀಳೋದಾದ್ರೆ ನೋಡೋಕಾದ್ರೂ ಚೆಂದ ಇರ್ಲಿ ಅಂತ," ಎಂದರು, ಕಳ್ಳ ಸಿಕ್ಕಿಬಿದ್ದ ಮುಖದಲ್ಲಿ. ನನಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಒಂದು ಕೆಟ್ಟ ಹೆಸರಿನಿಂದ ಹೊರಗೆ ಬರಲು ಮನೆ ಕಟ್ಟಿ, ಇನ್ನೊಂದು ಕೆಟ್ಟ ಹೆಸರನ್ನು ನಾನೇ ದುಡ್ಡು ಕೊಟ್ಟು ತಂದಂತಾಯಿತಲ್ಲ ಎನ್ನಿಸಿತು.

ಅದೇ ದಿನ ಮಧ್ಯಾಹ್ನ ಸಂಪಂಗಪ್ಪ ಬಂದರು. ಒಂದು ಡ್ರಾಯರು ಕಚ್ಚಿಕೊಳ್ಳುತ್ತಿತ್ತು, ಅದನ್ನು ಸರಿಮಾಡಿಕೊಡುತ್ತೇನೆಂದು ಮೊದಲೇ ಹೇಳಿದ್ದರು. ನಾನು ಒಲೆಯ ಮೇಲೆ ಸಾರು ಇಟ್ಟು, ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದೆ. ಅವರು ಡ್ರಾಯರಿಗೆ ಮೇಣ ತಿಕ್ಕುತ್ತಾ ಕೂತವರು ಎಣ್ಣೆಯ ಸದ್ದು ಕೇಳಿ ತಲೆಯೆತ್ತಿದರು. ಹತ್ತೊಂಬತ್ತು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ? "ಅವಸರ ಮಾಡ್ಬೇಡಿ ಅಮ್ಮಾವ್ರೇ, ಎಣ್ಣೆಗೂ ಒಂದು ಮರ್ಯಾದೆ ಐತೆ. ಈಗ ಬಿಡಿ ಸಾಸಿವೆ," ಎಂದು ತಮ್ಮಷ್ಟಕ್ಕೆ ಶುರುಮಾಡಿದರು. ಅವರು ಕರಿಬೇವಿಗೆ ಬರುವಷ್ಟರಲ್ಲಿ ನನ್ನ ಅಡುಗೆಮನೆಯಲ್ಲಿ ಒಂದು ಘಮ ಎದ್ದಿತು. ಬೆಲ್ಲಕ್ಕೆ ಬರುವಷ್ಟರಲ್ಲಿ ಹೊರಗೆ ಹಲಗೆ ತಿಕ್ಕುತ್ತಿದ್ದ ಮರಿಸ್ವಾಮಿ ಕೈಯಲ್ಲಿ ಉಪ್ಪುಕಾಗದ ಹಿಡಿದೇ ಒಳಗೆ ಬಂದು ನಿಂತರು.

ನಾನು ಸೌಟಿನಲ್ಲಿ ತೆಗೆದು ರುಚಿ ನೋಡಿದೆ. ಅಂಥ ಸಾರನ್ನು ನಾನು ಜನ್ಮದಲ್ಲಿ ಉಂಡಿರಲಿಲ್ಲ. ಹುಳಿ ಇತ್ತು, ಖಾರ ಇತ್ತು, ಬೆಲ್ಲ ಇದ್ದರೂ ಅದು ಸಾರಿಗೇ ಗೊತ್ತಿರಲಿಲ್ಲ. ಊರಿಗೆ ಊರೇ ಮಾಡಿದ ತಪ್ಪು ಆಗ ಅರ್ಥವಾಯಿತು. ಬೆಂಕಿ ಹಚ್ಚಿಲ್ಲ ಎಂದ ಮಾತ್ರಕ್ಕೆ ಇದು ಏನೂ ಕಲಿತಿಲ್ಲ ಎಂದುಕೊಂಡಿದ್ದೆವು. ಹತ್ತೊಂಬತ್ತು ವರ್ಷ ಅದು ಮಾತು ಕೇಳಿಯೇ ಕಲಿತಿತ್ತು. ಮಾತಿಲ್ಲದೆ ಬೇಯಿಸುವುದು ಹೇಗೆಂದು ಅದಕ್ಕೆ ಗೊತ್ತೇ ಇರಲಿಲ್ಲ, ನಾನೋ ಎಂಟು ದಿನ ತುಟಿ ಹೊಲಿದುಕೊಂಡು ಬೇಯಿಸಿದ್ದೆ.

ಒಂದು ಲೋಟ ಸಾರು ಸಂಪಂಗಪ್ಪನವರ ಮುಂದೆ ಹಿಡಿದೆ. ಅವರು ಬಗ್ಗಿ ಘಮ ಮೂಸಿದರು, ಆದರೂ ತೆಗೆದುಕೊಳ್ಳಲಿಲ್ಲ. "ಬೀದಿಯೂಟಕ್ಕೆ ಮುಂಚೆ ಹೊರಗಿನೋರು ಮನೆ ಅನ್ನ ಮುಟ್ಟಂಗಿಲ್ಲಮ್ಮ. ಇಷ್ಟು ವರ್ಷ ಕಾದಿದ್ದೀನಿ, ಇನ್ನು ಹತ್ತು ದಿನ ಕಾಯಾಕಾಗಕ್ಕಿಲ್ವಾ?"

"ಅವತ್ತು ಬೆಳಿಗ್ಗೆನೇ ಬಂದು ಇಲ್ಲಿ ಕೂತು ಮಾತಾಡ್ತೀರಾ?" ಎಂದು ಕೇಳಿದೆ. ಅಷ್ಟು ಉದ್ದದ ಮಾತನ್ನು ನಾನು ಹೊರಗಿನವರ ಜೊತೆ ಆಡಿದ್ದು ವರ್ಷಗಳಾದ ಮೇಲೆ.

"ಮಾತಾಡೋದು ಬಿಟ್ರೆ ನಂಗಿನ್ನೇನು ಬತ್ತದೆ ಹೇಳಿ," ಎಂದು ನಕ್ಕರು.

ಬೀದಿಯೂಟ ಭಾನುವಾರ ಬಿತ್ತು. ಶೋರೂಮು ಶನಿವಾರ ಬಾಗಿಲು ಹಾಕುವುದಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಸಂಪಂಗಪ್ಪ ಬಂದರು, ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಆದರೆ ಕುತ್ತಿಗೆಗೆ ಮಫ್ಲರು ಸುತ್ತಿತ್ತು. ಬಾಯಿ ತೆರೆದರೆ ಬರೀ ಗಾಳಿ. ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು ಚೀಟಿಯ ಮೇಲೆ ಬರೆದರು: 'ಹತ್ತು ದಿನ ಕೂಗಿ ಕೂಗಿ ಮಾರಿದೆ. ಗಂಟಲು ಹೋಯ್ತು. ಕ್ಷಮಿಸಿ ಅಮ್ಮ.' ಬಿಸಿನೀರು ಕೊಟ್ಟೆವು, ಶುಂಠಿ ಕೊಟ್ಟೆವು, ಮೆಣಸಿನ ಕಷಾಯ ಕೊಟ್ಟೆವು. ಅಷ್ಟನ್ನೂ ಕುಡಿದು ಮತ್ತೆ ಬಾಯಿ ತೆರೆದರು. ಮತ್ತೆ ಗಾಳಿ.

"ತಡಿ, ನಾನು ಹೇಳ್ತೀನಿ," ಎಂದು ಮರಿಸ್ವಾಮಿ ಪಂಚೆ ಎತ್ತಿಕಟ್ಟಿ ಒಲೆಯ ಮುಂದೆ ನಿಂತರು. "ಹುರುಳಿಕಾಯಿ ಹಸಿರು, ಸ್ವಲ್ಪ ಹಳದಿ ಬೆರೆಸ್ಬೇಕು. ಮೊದಲು ತೆಳುವಾಗಿ ಒಂದು ಕೋಟು, ಒಣಗಿದ ಮೇಲೆ ಇನ್ನೊಂದು ಕೋಟು." ಪಲ್ಯದಿಂದ ಟರ್ಪೆಂಟೈನ್ ವಾಸನೆ ಎದ್ದಿತು. ಅವರನ್ನು ಹೊರಗೆ ದಬ್ಬಿ ಬಾಗಿಲು ಮುಂದೆಳೆದೆ. ಪಾಪ, ಆ ಪಲ್ಯ ಹಿತ್ತಲಿಗೆ ಹೋಯಿತು, ದನವೂ ಮೂಸಲಿಲ್ಲ.

ಉಳಿದವಳು ನಾನು. ಹಿತ್ತಲಲ್ಲಿ ತರಕಾರಿ ಹೆಚ್ಚುತ್ತಾ ಬೀದಿಯ ಹೆಂಗಸರೆಲ್ಲ ಕೂತಿದ್ದರು, ಕಿಟಕಿ ತೆರೆದಿತ್ತು. ಸಂಪಂಗಪ್ಪ ಮಣೆ ಎಳೆದುಕೊಂಡು ನನ್ನೆದುರು ಕೂತು, ಎರಡೂ ಕೈ ಎತ್ತಿ, ಅಂಗಡಿಯಲ್ಲಿ ಆಡಿಸುತ್ತಿದ್ದ ಹಾಗೆ ಗಾಳಿಯಲ್ಲಿ ಬಾಣಲೆ ಇಟ್ಟರು. ನಾನು ಮೆಲ್ಲಗೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ, "ಬಾಣಲೆ ಇಟ್ಟೆ. ಎಣ್ಣೆ ಕಾಯ್ತಾ ಐತೆ. ಅವಸರ ಮಾಡ್ಬಾರ್ದು," ಎಂದೆ. ಅವರು ಬೆರಳು ಬಿಡಿಸಿದರು. "ಸಾಸಿವೆ ಬಿಟ್ಟೆ," ಎಂದೆ. ಘಮ ಎದ್ದಿತು. ನನ್ನ ದನಿಯೂ ಅದರ ಜೊತೆ ಎದ್ದಿತು. ಸಾರಾಯಿತು, ಹೊಸ ಪಲ್ಯವಾಯಿತು, ಕುಂಬಳಕಾಯಿ ಹುಳಿಯಾಯಿತು. ಎಷ್ಟೋ ಭಾನುವಾರ ಅಂಗಡಿಯಲ್ಲಿ ಕೇಳಿ ಕೇಳಿ ಅವರ ಮಾತೆಲ್ಲ ನನಗೂ ಬಾಯಿಪಾಠವಾಗಿತ್ತು, ಅವರು ಕೈ ಆಡಿಸಿದರೆ ನಾನು ನಾಲಿಗೆ ಆಡಿಸುತ್ತಿದ್ದೆ. ಕಿಟಕಿಯ ಹೊರಗೆ ಚಾಕುಗಳ ಸದ್ದು ನಿಂತದ್ದು ಕೂಡ ನನಗೆ ತಿಳಿಯಲಿಲ್ಲ.

ಹಾಗೆ ಮೈಮರೆತೇ ಅನಾಹುತ ಆದದ್ದು. ಹಿಂದಿನ ಒಲೆಯ ಮೇಲೆ ಪಾಯಸಕ್ಕೆಂದು ದೊಡ್ಡ ಪಾತ್ರೆಯಲ್ಲಿ ಹಾಲು ಇಟ್ಟಿದ್ದೆ. ಹುಳಿಯ ಮಾತಿನ ನಡುವೆ ಆ ವಾಸನೆ ಮೂಗಿಗೆ ಬಡಿಯಿತು. ಹುಟ್ಟಿದಾಗಿನಿಂದ ಕೇಳುತ್ತಾ ಬಂದ ಹೆಸರು ಅದು, ವಾಸನೆ ಗುರುತು ಸಿಗದೆ ಇರುತ್ತದೆಯೇ? ತಳ ಹಿಡಿದಿತ್ತು. ಹೊರಗೆ ಯಾರೋ, "ಹಾಲು ಸೀತಾ ಐತೆ ಕಣ್ರೇ," ಎಂದರು. ಇನ್ಯಾರೋ ಕಿಸಕ್ಕೆಂದು ನಕ್ಕರು. ಡೈರಿ ಎಂಟಕ್ಕೇ ಮುಚ್ಚಿತ್ತು, ಇಡೀ ಬೀದಿಗಾಗುವಷ್ಟು ಹಾಲು ಇನ್ನೆಲ್ಲೂ ಸಿಗುವಂತಿರಲಿಲ್ಲ. ಪಾಯಸವಿಲ್ಲದ ಬೀದಿಯೂಟವೂ ಇಲ್ಲ.

ನಾನು ಸಂಪಂಗಪ್ಪನವರ ಕಡೆ ನೋಡಿದೆ. ಅವರ ಕೈ ಮಡಿಲಿಗೆ ಬಿದ್ದಿತ್ತು. ಮೆಲ್ಲಗೆ ತಲೆ ಅಲ್ಲಾಡಿಸಿದರು. ಶೋರೂಮಿನ ಒಲೆಯಲ್ಲಿ ಹತ್ತೊಂಬತ್ತು ವರ್ಷದಲ್ಲಿ ಹಾಲು ಒಮ್ಮೆಯೂ ಸೀದಿರಲಿಲ್ಲ, ಸೀದ ಹಾಲಿಗೆ ಅವರ ಹತ್ತಿರ ಮಾತಿರಲಿಲ್ಲ.

ಆಗ ನನಗೆ ನಮ್ಮಜ್ಜಿ ನೆನಪಾದಳು. ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ ಅಜ್ಜಿ ಬೇಕೆಂದೇ ಒಂದು ಕುಡಿಕೆ ಹಾಲನ್ನು ತಳ ಹಿಡಿಸುತ್ತಿದ್ದಳು. ಬಾಗಿಲು ಮುಂದೆಳೆದು, ತಳಕ್ಕೆ ಅಂಟಿದ ಕಂದು ಕೆನೆಯನ್ನು ಚಮಚದಲ್ಲಿ ಕೆರೆದು, ಬೆಲ್ಲದ ಪುಡಿ ಉದುರಿಸಿ, ನನ್ನ ಅಂಗೈಗೆ ಹಾಕಿ, "ಯಾರಿಗೂ ಹೇಳ್ಬೇಡ," ಎನ್ನುತ್ತಿದ್ದಳು. ನಾನು ಯಾರಿಗೂ ಹೇಳಿರಲಿಲ್ಲ, ಮದುವೆಯಾಗಿ ಹನ್ನೆರಡು ವರ್ಷವಾದರೂ ಮರಿಸ್ವಾಮಿಗೂ ಹೇಳಿರಲಿಲ್ಲ. ಆದರೆ ಅಷ್ಟು ರುಚಿಯಾದದ್ದನ್ನು ನಾನು ಮತ್ತೆಲ್ಲೂ ತಿಂದಿಲ್ಲ.

ಒಲೆಯ ಉರಿ ಸಣ್ಣ ಮಾಡಿದೆ. ಕಿಟಕಿಯನ್ನು ಮುಚ್ಚಲಿಲ್ಲ. "ಇಲ್ಲಿ ನಿಂತ್ಕೊಳ್ಳಿ," ಎಂದು ಶುರುಮಾಡಿದೆ, ಯಾರಿಗೆ ಹೇಳಿದೆನೋ ಗೊತ್ತಿಲ್ಲ. "ಹಾಲು ತಳ ಹಿಡಿದೈತೆ. ಹಿಡೀಲಿ, ಹೆದರ್ಬೇಡಿ. ಹೆದರಿ ಕಲಕಿದ್ರೆ ಕರಕಲೆಲ್ಲ ಮೇಲೆ ಬತ್ತದೆ. ಸುಮ್ನೆ ಬಿಟ್ರೆ ತಳದಲ್ಲಿ ಕೆನೆ ಕೆಂಪಗಾಯ್ತದೆ, ನಮ್ಮಜ್ಜಿ ಕೈ ಬಣ್ಣ. ಮೇಲಿನ ಹಾಲು ಆ ಕೆಂಪನ್ನ ನಿಧಾನಕ್ಕೆ ಕುಡೀತದೆ. ಈಗ ಅಚ್ಚು ಬೆಲ್ಲ ಕುಟ್ಟಿ ಹಾಕಿ, ಧಾರಾಳವಾಗಿ ಹಾಕಿ, ಇದು ಸಾರಲ್ಲ, ಬೆಲ್ಲ ಬಿದ್ದದ್ದು ಊರಿಗೇ ಗೊತ್ತಾಗ್ಲಿ. ಕೊಬ್ರಿ ಹುರಿದು ಹಾಕಿ. ಏಲಕ್ಕಿ ಒಂದೆರಡು, ಸಾಕು. ಎಪ್ಪತ್ತು ವರ್ಷ ಬಾಗಿಲು ಹಾಕ್ಕೊಂಡು ತಿಂದಿದ್ದು ಇದು. ನಮ್ಮಜ್ಜಿಗೆ ಇದು ಇಷ್ಟ. ನಂಗೂ ಇಷ್ಟ. ನಂಗೆ ಬಲು ಇಷ್ಟ."

ಬೆಲ್ಲ ಕುಟ್ಟಿ ಹಾಕುತ್ತಲೇ ಮಾತು ಮುಂದುವರಿಸಿದೆ. ಸೀದ ವಾಸನೆ ಮೆಲ್ಲಗೆ ಹಿಂದೆ ಸರಿಯಿತು. ಅದರ ಜಾಗದಲ್ಲಿ ಬೆಲ್ಲ, ಕೆನೆ, ಹುರಿದ ಕೊಬ್ಬರಿ ಮತ್ತು ಹೆಸರು ಗೊತ್ತಿಲ್ಲದ ಇನ್ನೊಂದು ಘಮ ತುಂಬಿಕೊಂಡಿತು. ಕಿಟಕಿಯಲ್ಲಿ ನೋಡಿದರೆ ಆರೇಳು ತಲೆಗಳು. ಯಾರೂ ನಗುತ್ತಿರಲಿಲ್ಲ.

ಬೀದಿಗೆ ಅಡ್ಡಲಾಗಿ ಚಾಪೆ ಹಾಸಿ, ಎಲೆ ಹಾಕಿ ಬಡಿಸಿದೆವು. ಉಣ್ಣುವಾಗ ಅಡುಗೆಯ ಬಗ್ಗೆ ಯಾರೂ ಮಾತಾಡಬಾರದು ಎನ್ನುವುದು ಪದ್ಧತಿ. ಸಂಪಂಗಪ್ಪ ಮೊದಲ ಸಾಲಿನಲ್ಲಿ ಕೂತಿದ್ದರು. ಸಾರನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟವರು ಹಾಗೇ ಕೂತುಬಿಟ್ಟರು. ದನಿಯಿಲ್ಲದ ತುಟಿ ಆಡಿತು. 'ಅವ್ವ' ಎಂದರು, ನನಗೆ ಸ್ಪಷ್ಟವಾಗಿ ಕಂಡಿತು. ಮಫ್ಲರಿನ ಚುಂಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ತಲೆ ಎತ್ತದೆ ಉಂಡರು, ಎರಡು ಸಲ ಹಾಕಿಸಿಕೊಂಡರು. ಪಾಯಸ ಬಂದಾಗ ಒಂದು ಸಲ ಬಾಯಿಗಿಟ್ಟು ನನ್ನನ್ನು ನೋಡಿದರು. ತಮ್ಮ ಎದೆಗೆ ಬೆರಳು ತೋರಿಸಿ ಇಲ್ಲ ಎಂದು ತಲೆ ಅಲ್ಲಾಡಿಸಿದರು, ಆಮೇಲೆ ಆ ಬೆರಳನ್ನು ನನ್ನ ಕಡೆ ತಿರುಗಿಸಿದರು.

"ಹೌದು," ಎಂದೆ. "ಅದು ನಂದು."

ದೊಡ್ಡತಾಯಮ್ಮ ಸೌಟು ಹಿಡಿದು ಪಾತ್ರೆಗಳನ್ನು ಬಡಿಯುತ್ತಾ ಬಂದಳು. ಸಾರಿನ ಪಾತ್ರೆ ದಪ್ಪಗೆ ಸದ್ದು ಮಾಡಿತು, ಹುಳಿಯದು ಇನ್ನೂ ದಪ್ಪಗೆ. ಪಾಯಸದ ಪಾತ್ರೆಯನ್ನು ಬಡಿದಳು. ಟಣ್ ಎಂದಿತು. ಬಗ್ಗಿ ನೋಡಿದಳು, ನನ್ನ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋದಳು. ಅವಳ ಬಾಯಿಂದ ಅಷ್ಟು ಮೆತ್ತಗಿನ ಮಾತು ನಾನು ಅದುವರೆಗೂ ಕೇಳಿರಲಿಲ್ಲ.

"ಮಗ, ಖಾಲಿಯಾಗಿದ್ದು ಸೀದ ಹಾಲಿನ ಪಾಯಸ, ಮತ್ತೆ ಅದೇ ಹೆಸರು ಆಯ್ತದಲ್ಲೇ. ನಿಮ್ಮಜ್ಜಿ ಅನುಭವಿಸಿದ್ದು ನಾನು ಕಣ್ಣಾರೆ ಕಂಡಿದ್ದೀನಿ. ಒಂದ್ಮಾತು ಹೇಳು, ಹುಳಿ ಪಾತ್ರೆನ ಮಂದಿಗೆ ಬಡಿಸಿ ಬರಿದು ಮಾಡ್ಸಿ ಕುಂಬಳಕಾಯಿ ಹುಳಿ ಮನೆ ಅಂತ ಕೂಗ್ಬಿಡ್ತೀನಿ. ಯಾರೂ ಕೇಳಕ್ಕಿಲ್ಲ."

ನಲವತ್ತೊಂದು ವರ್ಷ ನಾನು ಬೇಡಿಕೊಂಡದ್ದು ಅದನ್ನೇ. ಬೇರೆ ಯಾವುದಾದರೂ ಹೆಸರು. ಬೀದಿಯ ಕಡೆ ನೋಡಿದೆ. ಎಲೆಯ ಮೇಲಿನ ಪಾಯಸದ ಕೊನೆಯ ಹನಿಯನ್ನು ಬೆರಳಲ್ಲಿ ಒರೆಸಿ ನೆಕ್ಕುತ್ತಿದ್ದವರಲ್ಲಿ ಆ ಸೊಸೈಟಿಯವನೂ ಇದ್ದ, ಅರೆಬೆಂದ ಮನೆಯ ಹೆಡ್ಮಾಸ್ತರರೂ ಇದ್ದರು.

"ಬೇಡ ಅವ್ವ," ಎಂದೆ. "ಇದ್ದದ್ದು ಇದ್ದಂಗೆ ಕೂಗಿ. ಸ್ವಲ್ಪ ಜೋರಾಗೇ ಕೂಗಿ."

ಅವಳು ಬೀದಿಯ ನಡುವೆ ಹೋಗಿ ನಿಂತು, ಪಾತ್ರೆಗೆ ಸೌಟಿನಿಂದ ಮೂರು ಸಲ ಬಡಿದು ಕೂಗಿದಳು. ಸೀದ ಹಾಲಿನ ಮನೆ. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಇನ್ನೊಂಚೂರು ಸೀದ ಹಾಲು ಸಿಕ್ತದಾ?" ಎಂದು ಕೇಳಿದರು. ಇಡೀ ಬೀದಿ ನಕ್ಕಿತು, ಅವರೆಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಒಂದೇ ಹೆಸರಿನ ಎರಡು ಮನೆಯಾಗಿ ಟಪಾಲಿನವನಿಗೆ ಈಗ ತಲೆನೋವು. ಅಪ್ಪನ ಕಾಗದಗಳು ನಮಗೆ ಬರುತ್ತವೆ, ಅವನ್ನು ತೆಗೆದುಕೊಳ್ಳುವ ನೆಪದಲ್ಲಿ ಅಪ್ಪ ವಾರಕ್ಕೆರಡು ಸಲ ಪಾಯಸಕ್ಕೆ ಬರುತ್ತಾರೆ.

ಅವತ್ತು ಎಲೆ ಎತ್ತಿ, ಚಾಪೆ ಸುತ್ತಿ ಮುಗಿಯುವಾಗ ಬಿಸಿಲು ಇಳಿದಿತ್ತು. ಬಡಿಸುವ ಗಡಿಬಿಡಿಯಲ್ಲಿ ನಾನು ಬಾಯಿಗೆ ಏನೂ ಹಾಕಿಕೊಂಡಿರಲಿಲ್ಲ. ಪಾಯಸದ ಖಾಲಿ ಪಾತ್ರೆಯನ್ನು ಹಸಿರು ಕಪಾಟಿಗೆ ಒರಗಿಸಿಕೊಂಡು ನೆಲದ ಮೇಲೆ ಕೂತೆ. ಮರಿಸ್ವಾಮಿ ಕುಂಚ ಹಿಡಿದು ಬಾಗಿಲಲ್ಲಿ ನಿಂತು, "ಅಕ್ಷರ ಎಷ್ಟು ದಪ್ಪ ಇರ್ಲಿ ರಾಜಿ?" ಎಂದರು.

"ಬೀದಿ ಕೊನೆಯಿಂದ ಓದೋಕಾಗ್ಬೇಕು ಕಣ್ರೀ, ಅಷ್ಟು," ಎಂದೆ.

ಚಮಚ ತೆಗೆದುಕೊಂಡು ಪಾತ್ರೆಯ ತಳ ಕೆರೆದೆ. ಕಂದು ಕೆನೆ ಸುರುಳಿಯಾಗಿ ಬಂತು. ಬಾಯಿಗೆ ಹಾಕಿಕೊಂಡೆ. ಅದರಲ್ಲಿ ಸಾಕಮ್ಮನವರ ಇಂಗಿರಲಿಲ್ಲ, ಸಂಪಂಗಪ್ಪನವರ ಅವ್ವನೂ ಇರಲಿಲ್ಲ. ಅಜ್ಜಿ ಸ್ವಲ್ಪ ಇದ್ದಳು. ಉಳಿದದ್ದೆಲ್ಲ ನಾನೇ. ಎದುರಿನ ಮಣೆಯ ಮೇಲೆ ಸಂಪಂಗಪ್ಪ ಸುಮ್ಮನೆ ಕೂತು ನೋಡುತ್ತಿದ್ದರು. ಇನ್ನೊಂದು ಸಲ ಕೆರೆದು, ಅವರ ಅಂಗೈ ಹಿಡಿದು ಅದರ ಮೇಲೆ ಹಾಕಿ, ಮೆಲ್ಲಗೆ, "ಯಾರಿಗೂ ಹೇಳ್ಬೇಡಿ," ಎಂದೆ.